ಮಡಚುವ ಕಾಲಿಗೆ ನಮಸ್ಕಾರವಿಲ್ಲ

ಗೌರವವೆಂಬುದು ಕೆಲವರಿಗೆ ವಿದ್ಯೆಯಿಂದ ಬರುತ್ತದೆ, ಕೆಲವರಿಗೆ ಗುಣದಿಂದ. ಇವೆರಡನ್ನೂ ನಂಬಿ ಕೂತಿದ್ದರೆ ನನ್ನ ಗತಿ ಏನಾಗುತ್ತಿತ್ತೋ! ನನಗದು ಬಲಗಡೆಯ ಮೊಣಕಾಲಿನಿಂದ ಬಂತು. ಹುಡುಗನಾಗಿದ್ದಾಗ ಆ ಕೀಲಿಗೆ ಕ್ಷಯ ತಗುಲಿತ್ತು. ಕ್ಷಯವೆಂದರೆ ಎದೆಗೆ ಬರುವ ರೋಗವೆಂದೇ ತಿಳಿದಿದ್ದ ಕಲಬುರಗಿಯ ನಮ್ಮ ಓಣಿಯವರು, ಅದು ದಾರಿ ತಪ್ಪಿ ಮೊಣಕಾಲಿಗೆ ಬಂದಿದೆ ಎಂದು ತೀರ್ಮಾನಿಸಿದರು. ಮಾತ್ರೆ, ಪ್ಲಾಸ್ಟರು ಎಲ್ಲ ಆಗಿ ರೋಗವೇನೋ ಹೋಯಿತು, ಹೋಗುವಾಗ ಕೀಲಿಗೆ ಬೀಗ ಹಾಕಿಕೊಂಡು ಹೋಯಿತು. ಅಂದಿನಿಂದ ಕೂತರೂ ನಿಂತರೂ ನನ್ನ ಬಲಗಾಲು ಒನಕೆಯ ಹಾಗೆ ನೇರ.

ಇಂಥ ಕಾಲನ್ನು ಎಲ್ಲಿಟ್ಟರೂ ಅದು ಇನ್ನೊಬ್ಬರ ದಾರಿಯಲ್ಲೇ ಇರುತ್ತದೆ. ನಮ್ಮ ಜನಕ್ಕೋ, ಯಾರಿಗಾದರೂ ತಮ್ಮ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ. ನೌಕರಿಗೆಂದು ತೆಲುಗರ ಊರಿಗೆ ಬಂದ ಮೇಲೂ ಅದೇ. ಮಲ್ಕಾಜ್‌ಗಿರಿಯಿಂದ ರೈಲಿನಲ್ಲಿ ಕಚೇರಿಗೆ ಹೋಗುತ್ತಿದ್ದಷ್ಟು ವರ್ಷವೂ ಡಬ್ಬಿ ಹತ್ತಿದವರು ನನ್ನನ್ನು ಎಡವಿ, ನಮಸ್ಕರಿಸಿಯೇ ಮುಂದೆ ಹೋದರು. ನನ್ನ ರಜೆ ಅರ್ಜಿಯನ್ನು ಓದದೆಯೇ ತಿರಸ್ಕರಿಸುತ್ತಿದ್ದ ಸಾಹೇಬರು ಕೂಡ ಒಮ್ಮೆ ಮೇಜಿನಾಚೆ ಚಾಚಿದ್ದ ನನ್ನ ಪಾದಕ್ಕೆ ತಾಗಿ ಕಣ್ಣಿಗೊತ್ತಿಕೊಂಡರು. ನಾರಾಯಣಗೂಡದ ಒಂದು ಮದುವೆಯಲ್ಲಂತೂ ವರನ ತಂದೆ ಎಡವಿ ನನ್ನ ಪಾದ ಮುಟ್ಟಿದ್ದನ್ನು ಕಂಡ ಹಿಂದಿನವರು, ನಾನು ಯಾವುದೋ ಮಠದ ಹಿರಿಯನೆಂದುಕೊಂಡು ಸಾಲು ಹಚ್ಚಿದರು. ವಧೂವರರೂ ಬಂದರು. ತುಂಬಿದ ಸಭೆಯಲ್ಲಿ ಬೇಡ ಎನ್ನುವುದು ಸರಿಯಲ್ಲವೆಂದು ಆಶೀರ್ವಾದ ಮಾಡಿಬಿಟ್ಟೆ. ಆ ದಂಪತಿಗೆ ಈಗ ಅವಳಿ ಮಕ್ಕಳು.

ಇದೆಲ್ಲಕ್ಕಿಂತ ನನಗೆ ಹೆಮ್ಮೆಯೆಂದರೆ ಹೆಂಡತಿ ಸುಮಿತ್ರಾಳದು. ದಿನಾ ಬೆಳಿಗ್ಗೆ ಚಹಾ ತರುವಾಗ ನನ್ನ ಪಾದಕ್ಕೆ ತಾಗುತ್ತಿದ್ದಳು, ಬಗ್ಗಿ ಮುಟ್ಟುತ್ತಿದ್ದಳು, ತುಟಿಯಲ್ಲೇ ಏನೋ ಅನ್ನುತ್ತ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಈ ಕಾಲದಲ್ಲಿ ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ಗೆಳೆಯರ ಮುಂದೆ ಬೀಗಿದ್ದೇ ಬೀಗಿದ್ದು.

ನಿವೃತ್ತಿಯ ಹೊತ್ತಿಗೆ ಸೊಂಟ ನೋಯತೊಡಗಿತು. ಡಾಕ್ಟರು ನೋಡಿ, ಎಡಗಾಲು ಇಬ್ಬರ ಕೆಲಸ ಮಾಡಿ ಸೋತಿದೆ, ಬಲ ಮೊಣಕಾಲಿಗೆ ಹೊಸ ಕೀಲು ಹಾಕಬಹುದು ಎಂದರು. ಹಳೇ ರೋಗ ಪೂರ್ತಿ ಸತ್ತಿದೆಯೆಂದು ಪರೀಕ್ಷೆಗಳಾಗಬೇಕು, ಮಾತ್ರೆ ನುಂಗಬೇಕು, ಆಮೇಲೂ ಕುರ್ಚಿಗೆ ಸಾಲುವಷ್ಟು ಮಡಚಿದರೆ ಪುಣ್ಯ, ನೆಲದ ಮೇಲೆ ಚಕ್ಕಳಮಕ್ಕಳದ ಆಸೆ ಬೇಡ ಎಂದರು. ನಾನು ಒಲ್ಲೆ ಎಂದೆ. ಕತ್ತಿಯ ಭಯ ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಭಯ ಬೇರೆ. ಕಾಲು ಮಡಚಿತೋ, ನನ್ನನ್ನು ಕೇಳುವವರು ಯಾರು?

ಮೂರನೆಯ ದಿನ ಸುಮಿತ್ರಾ ಹೇಳಿದಳು: “ಆಟೋದಾಗ ನಿಮ್ಮ ಕಾಲ ಸೀಟ್ ತುಂಬ ಮಲಗತೈತಿ. ಅದನ್ನ ತೊಡಿ ಮ್ಯಾಲ ಇಟ್ಕೊಂಡು ನಾ ಮೂಲ್ಯಾಗ ಕುಂಡ್ರತೀನಿ. ಒಮ್ಮೆರ ನಿಮ್ಮ ಬಾಜೂ ಸರಿಯಾಗಿ ಕುಂಡ್ರಬೇಕಂತ ಭಾಳ ಆಸೆ ಐತ್ರಿ.”

ಮರುದಿನವೇ ಡಾಕ್ಟರ ಹತ್ತಿರ ಹೋಗಿ, ಆಗಲಿ ಎಂದೆ.

ಆಪರೇಷನ್ ಆಯಿತು. ಅದರದೇನೂ ದೊಡ್ಡ ಕಥೆಯಿಲ್ಲ, ನನಗೆ ಎಚ್ಚರವೇ ಇರಲಿಲ್ಲ. ಕಥೆಯೆಲ್ಲ ಆಮೇಲಿನದು. ದಿಲ್‌ಸುಖ್‌ನಗರದಿಂದ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಕಡ್ಡಿಯಂಥ ಹುಡುಗಿ, ಕೈ ಮಾತ್ರ ಪೈಲ್ವಾನನದು. ನಾನು ಸತ್ತೆ ಎಂದು ಕನ್ನಡದಲ್ಲಿ, ಹಿಂದಿಯಲ್ಲಿ, ಬಂದಷ್ಟು ತೆಲುಗಿನಲ್ಲಿ ಕೂಗಿದರೂ ಅವಳದು ಒಂದೇ ಮಾತು, “ಇಂಕೊಂಚೆಂ ಅಂಕುಲ್.” ಇನ್ನೂ ಸ್ವಲ್ಪ. ಆ ಸ್ವಲ್ಪಕ್ಕೆ ಕೊನೆಯೇ ಇರಲಿಲ್ಲ. ಕೆಳಗಿನ ಮನೆಯವರು ಬಂದು, ಯಾರಿಗೆ ಯಾರು ಹೊಡೆಯುತ್ತಿದ್ದಾರೆ ಎಂದು ವಿಚಾರಿಸಿಕೊಂಡು ಹೋದರು. ಅಂತೂ ಒಂದು ದಿನ ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ಊರಿತು. ಸುಮಿತ್ರಾ ಅತ್ತಳು. ನಾನೂ ಅತ್ತೆ, ನೋವಿಗೋ ಸಂತೋಷಕ್ಕೋ ಇಂದಿಗೂ ತಿಳಿದಿಲ್ಲ.

ಆಮೇಲೆ ಹೆದರಿದ್ದೆಲ್ಲ ನಡೆಯಿತು. ರೈಲಿನಲ್ಲಿ ಒಬ್ಬರೂ ಎಡವುವುದಿಲ್ಲ. ಒಂದು ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲೇ ಕಾಲು ಮಡಚಿ ಕೂತಿದ್ದೆ. ಯಾರೋ ಬಂದು, ಸ್ವಲ್ಪ ಎದ್ದು ಹಿಂದೆ ಕೂಡ್ರಿ, ಹಿರಿಯರು ಬಂದಿದ್ದಾರೆ ಎಂದರು. ಮನೆಯಲ್ಲಿ ಸುಮಿತ್ರಾ ಚಹಾ ಕೊಟ್ಟು ಹೋಗಿಯೇ ಬಿಡುತ್ತಾಳೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಒಂದು ಬೆಳಿಗ್ಗೆ ಬೇಕೆಂದೇ ಬಲಗಾಲನ್ನು ಮೊದಲಿನ ಹಾಗೆ ಉದ್ದಕ್ಕೆ ಚಾಚಿ ಪೇಪರು ಮುಖಕ್ಕೆ ಹಿಡಿದು ಕೂತೆ.

ಅವಳು ಬಂದಳು, ನಿಂತಳು. “ಕಾಲ ಮಡಚ್ರಿ” ಎಂದಳು.

ಮೊದಲೆಲ್ಲ ನೀನು ದಿನಾ ನನಗೆ ನಮಸ್ಕಾರ ಮಾಡುತ್ತಿದ್ದೆ, ಈಗೇನಾಗಿದೆ ಎಂದು ಕೇಳಿಯೇಬಿಟ್ಟೆ.

“ನಿಮಗ ಯಾರ ಮಾಡ್ತಿದ್ರು?” ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನಾ ಆ ಮೊಣಕಾಲಿಗೆ ಬೇಡ್ಕೊಂತಿದ್ದೆ. ನಮ್ಮಪ್ಪಾ, ಇವತ್ತರ ಮಡಚು ಅಂತ.”

ನಾನು ಕಾಲು ಮಡಚಿ ಚಹಾ ಕುಡಿದೆ.

ಅವತ್ತು ಸಂಜೆ ಇಬ್ಬರೂ ಆಟೋ ಹತ್ತಿದೆವು. ಅವಳು ಮೊದಲು ಹತ್ತಿ ನನಗೆ ಜಾಗ ಬಿಟ್ಟು ಕೂತಳು. ನಾನು ಹೊಸ ಕೀಲನ್ನು ಮಡಚಿ ಅವಳ ಬಾಜೂ ಕೂರುವಾಗ ನನ್ನ ಕಾಲು ಅವಳ ಪಾದಕ್ಕೆ ತಾಗಿತು. ತಾಗಿದ ಮೇಲೆ ಬಿಡುವ ಹಾಗಿಲ್ಲವಲ್ಲ. ಬಗ್ಗಿದೆ, ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ.

“ಇರ್ಲಿ ಬಿಡ್ರಿ” ಎಂದಳು ಸುಮಿತ್ರಾ. ಪಾದವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.