ಕಾಕಾರ ಮೋಟಾರಿಗೆ ಸೋವಿ ವಿಮಾ

ಮೋಟಾರು ವಿಮೆಯ ಏಜೆಂಟನಾಗಿ ವಿಜಾಪುರದ ಓಣಿ ಓಣಿ ಸೈಕಲ್ ತುಳಿದವನು ನಾನು. ಈ ಧಂದೆಯಲ್ಲಿ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು ತಾನೇ ಕಚೇರಿಯ ಕಟ್ಟೆ ಹತ್ತಿ ಬಂದು ಕೂಡುತ್ತದೆ. ಎಷ್ಟೋ ಮಂದಿಯನ್ನು ನೆನೆದು ಇವತ್ತಿಗೂ ಒಬ್ಬನೇ ಕುಳಿತು ನಗುತ್ತೇನೆ. ಕಾಕಾರನ್ನು ನೆನೆದಾಗ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತದೆ.

ಬೀಗರಿಗೆ ನಮಸ್ಕಾರ

ಕಾಕಾ ಜೋರಾಪುರ ಪೇಟೆಯಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟವರು. ಹುಟ್ಟೂರು ತಿಕೋಟಾ, ಅಲ್ಲಿ ಹೊಲಮನೆ. ನಾನು ಹೇಳುತ್ತಿರುವ ಕಾಲಕ್ಕೆ, ಅಂದರೆ ಅರವತ್ತರ ದಶಕದ ನಡುವೆ, ಅವರಿಗೂ ಅರವತ್ತರ ಹತ್ತಿರ ವಯಸ್ಸು. ಪೇಟೆಯವರೆಲ್ಲ ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದರು.

ಕಾಕುಗೆ ಮೊಣಕಾಲು ಹಿಡಿದುಬಿಟ್ಟಿದ್ದವು. ಬಸ್ಸಿನ ಮೆಟ್ಟಿಲು ಏರಲಾಗದು, ಎತ್ತಿನ ಚಕ್ಕಡಿಯ ಕುಲುಕಾಟ ತಡೆಯಲಾಗದು. ಬಬಲೇಶ್ವರದಲ್ಲಿ ಅವರ ಅಕ್ಕ ಇದ್ದರು. ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡಿ ಬಹಳ ದಿನವಾಗಿತ್ತು. ಅದಕ್ಕೆಂದೇ ಕಾಕಾ ಗುತ್ತಿಗೆದಾರರೊಬ್ಬರ ಹಳೆಯ ಕರೀ ಮೋಟಾರು ಕೊಂಡು ಒಬ್ಬ ಡ್ರೈವರನನ್ನು ಇಟ್ಟರು. ಬಬಲೇಶ್ವರಕ್ಕೆ ಹೊರಡುವ ಮೊದಲೇ ಅವನಿಗೆ ಸರಕಾರಿ ಬಸ್ಸಿನ ನೌಕರಿ ಹತ್ತಿ ಬಿಟ್ಟುಹೋದ. "ಎತ್ತು ಹೊಡದಾಂವಗ ಇದೇನ ದೊಡ್ಡ ಮಾತು" ಎಂದು ಕಾಕಾ ತಾವೇ ಕಲಿಯಲು ಕುಳಿತರು.

ಲೈಸೆನ್ಸಿನ ಪರೀಕ್ಷೆಯ ದಿನ ಪರೀಕ್ಷೆ ಮಾಡುವ ಸಾಹೇಬರು ಮುಂದೆ ಕುಳಿತರು. ಮುಂದೆ ವಿಮೆಯ ಗಿರಾಕಿ ಆದಾರು ಎಂಬ ಆಸೆಗೆ ನಾನು ಹಿಂದೆ ಕುಳಿತೆ. ಆಗಿನ ಮೋಟಾರುಗಳಲ್ಲಿ ಬಲಕ್ಕೆ ತಿರುಗಬೇಕಾದರೆ ಬಲಗೈ ಹೊರಗೆ ಚಾಚಿ ತೋರಿಸಬೇಕು. ಕಾಕಾ ಪೇಟೆಯ ದಾರಿಯಲ್ಲಿ ಚೆನ್ನಾಗಿಯೇ ಹೊರಟರು. ಒಂದು ಕಡೆ ಕೈ ಪೂರಾ ಹೊರಗೆ ಚಾಚಿದರು. ಆದರೆ ಬಂಡಿ ನೆಟ್ಟಗೆ ಹೋಯಿತು.

"ಬಲಕ್ಕ ಕೈ ತೋರಿಸಿ ನೆಟ್ಟಗ ಯಾಕ ಹೊಂಟ್ರಿ?" ಎಂದು ಸಾಹೇಬರು ಗದರಿಸಿದರು.

"ನಮ್ಮ ಬೀಗರು ಹೊಂಟಿದ್ರಲ್ರಿ, ಮಾತಾಡಿಸಿದೆ."

"ಮತ್ತ ಬಲಕ್ಕ?"

"ಬಲಕ್ಕ ಬೀಗರು ಹೋದ್ರು. ಅವರ ಹಿಂದ ನಾ ಯಾಕ ಹೋಗಲಿ?"

ಸಾಹೇಬರು ಹಣೆ ಹಿಡಿದುಕೊಂಡರು. ಆಮೇಲೆ ಅಂದರು: "ಸೊಲ್ಲಾಪುರ ರಸ್ತೆಗೆ ನಡೀರಿ. ಬೀಗರು ಇಲ್ಲದ ದಾರ್ಯಾಗ ಇನ್ನೊಮ್ಮೆ ನೋಡೂಣು."

ಟವೆಲ್ಲಿನ ಕೆಳಗೆ

ಲೈಸೆನ್ಸು ಬಂತು, ಆದರೆ ಮೋಟಾರಿನ ಹಳೆಯ ವಿಮೆ ಅಷ್ಟರಲ್ಲಿ ತೀರಿತ್ತು. ವಿಮೆ ಇಲ್ಲದೆ ಮೋಟಾರು ರಸ್ತೆಗೆ ಇಳಿಸುವ ಹಾಗಿಲ್ಲ. ಕಾಕಾರನ್ನು ಸೊಲ್ಲಾಪುರ ರಸ್ತೆಯಲ್ಲಿದ್ದ ನಮ್ಮ ಕಚೇರಿಗೆ ಕರೆದುಕೊಂಡು ಹೋದೆ. ನಮ್ಮ ಮ್ಯಾನೇಜರು ಮಂಗಳೂರಿನ ಕಡೆಯವರು, ಪುಸ್ತಕ ಓದಿದ ಹಾಗೆ ಮಾತಾಡುವವರು.

"ತಾವು ಎಷ್ಟು ವರ್ಷಗಳಿಂದ ವಾಹನ ಓಡಿಸುತ್ತಿದ್ದೀರಿ?" ಎಂದು ಕೇಳಿದರು.

"ಮೀಸಿ ಬರೂಕಿಂತ ಮೊದ್ಲಿಂದ ರೀ," ಎಂದರು ಕಾಕಾ.

ಮ್ಯಾನೇಜರು ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದರ ಮಸಿ ಇನ್ನೂ ಆರಿದ ಹಾಗಿಲ್ಲವಲ್ಲ?"

"ಅದು ಮೋಟಾರಿಂದು. ನಾ ಹೇಳಿದ್ದು ಚಕ್ಕಡೀದು."

"ಅಪಘಾತ ಏನಾದರೂ?"

"ಒಂದೂ ಇಲ್ರಿ. ಒಮ್ಮೆ ಹೊಲದಿಂದ ಬರಾಕತ್ತಿದ್ದೆ, ನಿದ್ದಿ ಹತ್ತಿಬಿಡ್ತು. ಎತ್ತು ತಾವ ಮನಿಗೆ ಕರಕೊಂಡ ಬಂದ್ವು."

"ಮೋಟಾರು ಹಾಗೆ ಕರೆದುಕೊಂಡು ಬರುವುದಿಲ್ಲ," ಎಂದರು ಮ್ಯಾನೇಜರು, ಒಂಚೂರೂ ನಗದೆ. ವಯಸ್ಸಾದ ಕೈ, ಅದರ ಮೇಲೆ ಹೊಸ ಕೈ, ಕಂಪನಿಗೆ ಎರಡೂ ಅಂಜಿಕೆ. ಹೀಗಾಗಿ ಉಳಿದವರಿಗಿಂತ ಬಹಳ ಹೆಚ್ಚಿನ ದರ ಹೇಳಿದರು.

ಕಾಕಾ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ವಯಸ್ಸಾತಂದ್ರ ಎತ್ತಿನ ಭಾವ ಇಳೀತೈತಿ. ನಂದ್ಯಾಕ ಏರತೈತ್ರಿ?"

ಉತ್ತರಕ್ಕೆ ಕಾಯಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮ್ಯಾನೇಜರರ ಕೈಮೇಲೆ ಹೊದಿಸಿದರು. ಅದರ ಕೆಳಗೆ ತಮ್ಮ ಕೈ ತೂರಿಸಿ ಅವರ ಬೆರಳು ಒಂದೊಂದಾಗಿ ಹಿಡಿದು ಒತ್ತತೊಡಗಿದರು. ನಮ್ಮ ಪೇಟೆಯಲ್ಲಿ ಭಾವ, ಅಂದರೆ ಬೆಲೆ, ಕುದುರಿಸುವ ಪದ್ಧತಿ ಅದು. ಮುಟ್ಟಿದ ಬೆರಳೇ ದರ, ಬಾಯಿ ಬಿಚ್ಚುವಂತಿಲ್ಲ. ಮ್ಯಾನೇಜರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಬೆವರುತ್ತ ನನ್ನ ಕಡೆ ನೋಡಿ, "ಇವರು ನನ್ನ ನಾಡಿ ನೋಡುತ್ತಿದ್ದಾರೆಯೇ?" ಎಂದರು.

ನಾನು ತಿಳಿಸಿ ಹೇಳಿದೆ. ಮ್ಯಾನೇಜರು ಕೈ ಬಿಡಿಸಿಕೊಂಡು, "ಕಂಪನಿಯ ದರ ಟವೆಲ್ಲಿನ ಕೆಳಗೆ ಇಳಿಯುವುದಿಲ್ಲ ಸ್ವಾಮೀ" ಎಂದರು.

ಕಾಕಾ ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಧೋತರಾ ಹೊಚ್ಚಬೇಕೇನೋ?"

ಮೂರನೆಯವ

ಮರುದಿನ ಅವರ ಮನೆಗೆ ಹೋಗಿ ಸೋವಿ ದಾರಿ ಒಂದಿದೆ ಎಂದು ತಿಳಿಸಿದೆ. ಕಾಯ್ದೆಗೆ ಬೇಕಾದಷ್ಟೇ ವಿಮೆ ಇಳಿಸಿದರೆ ಖರ್ಚು ಕಡಿಮೆ. ಆದರೆ ಅದರಲ್ಲಿ ದುಡ್ಡು ಸಿಗುವುದು ಮೂರನೆಯವರಿಗೆ ಮಾತ್ರ.

"ಯಾರಂವ ಮೂರನೇದಾಂವ?" ಎಂದರು ಕಾಕಾ.

"ನೀವು ಒಬ್ರು, ಕಂಪನಿ ಎರಡನೇದು. ನಿಮ್ಮ ಮೋಟಾರು ಯಾರಿಗೆ ಹಾಯತೈತಿ ಅಂವ ಮೂರನೇದಾಂವ ರೀ."

"ಅಂವನ ಗುರ್ತ ಇಲ್ಲ, ಪರಿಚೇ ಇಲ್ಲ. ಅಂವನ ಸಲುವಾಗಿ ನಾ ರೊಕ್ಕಾ ತುಂಬಬೇಕು. ಮತ್ತ ನನಗ ಪೆಟ್ಟಾದ್ರ?"

"ನಿಮಗ ಬರೂದಿಲ್ರಿ."

"ಮೋಟಾರು ಮುರದ್ರ?"

"ಅದಕ್ಕೂ ಬರೂದಿಲ್ಲ."

ಕಾಕು ಅಲ್ಲೇ ಹೊರಸಿನ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಹಂಗಾರ ಬಾಜೂಕ ಕುಂತ ನಾ ಎಷ್ಟನೇದಾಕಿನೋ ತಮ್ಮಾ?" ಎಂದು ಕೇಳಿದರು.

ನನಗೆ ಸಂಕೋಚವಾಯಿತು. ಒಳಗೆ ಕುಳಿತವರು ಆ ಲೆಕ್ಕದಲ್ಲಿ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದೆ.

"ನೋಡ್ರಿ," ಎಂದು ಕಾಕು ಗಂಡನ ಕಡೆ ತಿರುಗಿದರು. "ನಿಮ್ಮ ಜೋಡಿ ಇಷ್ಟ ವರ್ಷ ಬಾಳೇ ಮಾಡಿ ನಾ ಯಾ ಲೆಕ್ಕದಾಗೂ ಇಲ್ಲಂತ. ನಡೀರಿ, ನಾ ಮೋಟಾರಿನ ಮುಂದ ಬಂದ ನಿಂದರತೇನಿ. ಅಲ್ಲಾದ್ರೂ ನನಗ ಕಿಮ್ಮತ್ತ ಐತಿ!"

ತಿಕೋಟಾದ ದಾರಿ

ಆ ಮಾತು ಕಾಕಾರಿಗೆ ಎಲ್ಲೋ ನಾಟಿತು. "ಆಕಿ ಲೆಕ್ಕದಾಗ ಬರಬೇಕು. ಪೂರಾ ವಿಮಾ ಆಗಲಿ. ಆದ್ರ ಸೋವಿ ಮಾಡಿ ಕೊಡಸು" ಎಂದು ನನಗೆ ಗಂಟು ಬಿದ್ದರು. ನಾನು ಮ್ಯಾನೇಜರಿಗೆ ಗಂಟು ಬಿದ್ದೆ. ಕಡೆಗೆ ಅವರು ಬೇಸತ್ತು, "ಆಗಲಿ, ಇವರು ಓಡಿಸುವುದನ್ನು ನಾನೇ ಕುಳಿತು ನೋಡುತ್ತೇನೆ. ನೋಡಿ ದರ ಹೇಳುತ್ತೇನೆ" ಎಂದು ಒಪ್ಪಿದರು.

ಆ ಒಂದು ಹೊತ್ತಿಗೆ ಮಾತ್ರ ಕಂಪನಿಯ ವಿಮಾ ಚೀಟಿ ಬರೆಸಿಕೊಂಡು ಮೂವರೂ ತಿಕೋಟಾದ ದಾರಿ ಹಿಡಿದೆವು. ಮ್ಯಾನೇಜರು ಬಾಗಿಲು ಬಿಗಿಯಾಗಿ ಹಿಡಿದು ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಕೈ ಸಡಿಲ ಬಿಟ್ಟರು. ಇನ್ನೂ ಸ್ವಲ್ಪ ಹೊತ್ತಿಗೆ ಆಕಳಿಸಿದರು. ಕಾಕಾ ಎರಡೂ ಕೈಯಲ್ಲಿ ಚಕ್ರ ಅವುಚಿಕೊಂಡು, ರಸ್ತೆಯಲ್ಲಿ ಕಲ್ಲು ಕಂಡರೆ ನಿಲ್ಲಿಸಿ, ಕೋಳಿ ಕಂಡರೆ ಕಾದು, ಎದುರಿಗೆ ಲಾರಿ ಕಂಡರೆ ಹೊಲದ ಬದುವಿಗೆ ಇಳಿಸಿ ನಡೆಸುತ್ತಿದ್ದರು.

ಹಿಂದಿನಿಂದ ಗಂಟೆಯ ಸಪ್ಪಳ ಕೇಳಿತು. ಜೋಳದ ಚೀಲ ಹೇರಿದ ಚಕ್ಕಡಿಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಅದರಲ್ಲಿದ್ದ ತಿಕೋಟಾದ ರೈತ ಕಾಕಾರ ಗುರುತು ಹಿಡಿದು ಕೂಗಿದ: "ಯಾಕ್ರಿ ಕಾಕಾರ, ಮೋಟಾರ ಕೆಟ್ಟೈತೇನು? ಹಗ್ಗಾ ಹಚ್ಚಿ ಜಗ್ಗಲೇನು?"

"ಕೆಟ್ಟಿಲ್ಲಲೇ, ಓಡಾಕತ್ತೈತಿ!" ಎಂದು ಕಾಕಾ ಸಿಟ್ಟಿನಿಂದ ಒದರಿದರು.

ಮ್ಯಾನೇಜರು ನನ್ನ ಕಡೆ ತಿರುಗಿದರು. ನಾನು ಅವರ ಮುಖದಲ್ಲಿ ನಗು ನೋಡಿದ್ದು ಅದೇ ಮೊದಲು. "ದರ ಇಳಿಸೋಣ. ಇವರು ಯಾರಿಗೂ ಗುದ್ದಲಾರರು. ಗುದ್ದುವುದಾದರೆ ಬೇರೆಯವರೇ ಹಿಂದಿನಿಂದ ಬಂದು ಇವರಿಗೆ ಗುದ್ದಬೇಕು. ಆ ದುಡ್ಡು ಅವರ ಕಂಪನಿ ಕೊಡುತ್ತದೆ!"

ಇನ್ನೊಂದು ಸ್ವಲ್ಪ

ದರ ಇಳಿಯಿತು. ಕಾಕಾರ ಹೊರತು ಯಾರೂ ಓಡಿಸಬಾರದು, ಕತ್ತಲಾದ ಮೇಲೆ ಹೊರಗೆ ಒಯ್ಯಬಾರದು, ಸಣ್ಣಪುಟ್ಟ ರಿಪೇರಿ ತಾವೇ ಮಾಡಿಸಿಕೊಳ್ಳಬೇಕು. ಇದಕ್ಕೆ ಒಪ್ಪಿದರೆ ಪಕ್ಕದಲ್ಲಿ ಕುಳಿತ ಕಾಕುವೂ ಲೆಕ್ಕದಲ್ಲಿ ಬರುತ್ತಾರೆ. ಇದಕ್ಕಿಂತ ಕಡಿಮೆಗೆ ಎಲ್ಲೂ ಸಿಗದು ಎಂದು ನಾನು ಕೈಮುಗಿದು ಹೇಳಿದೆ.

ಆದರೆ ಕಾಕಾ ವ್ಯಾಪಾರಸ್ಥರು. ಇಷ್ಟು ಇಳಿದದ್ದು ಇನ್ನೂ ಇಳಿದೀತು ಎಂದು ಅವರ ಮನಸ್ಸು. "ಸೊಲ್ಲಾಪುರದ ಕಂಪನಿಯೊಂದಕ್ಕ ಕೇಳೀನಿ. ಅವರದೊಂದ ಭಾವ ಬರಲಿ" ಎಂದು ತಡೆದರು. ಕಾಕು ಬೇಡಿಕೊಂಡರು. ಬಾಡಿಗೆ ಮೋಟಾರನ್ನಾದರೂ ಮಾಡಿ ಒಮ್ಮೆ ಬಬಲೇಶ್ವರಕ್ಕೆ ಕರೆದೊಯ್ಯಿರಿ ಎಂದರು. "ಅಂಗಳದಾಗ ಸ್ವಂತದ್ದ ನಿಂತಿರುವಾಗ ಬಾಡಿಗೀದು ಮಾಡಿದ್ರ ಪೇಟ್ಯಾಗ ನಗತಾರ" ಎಂದು ಕಾಕಾ ಆ ಮಾತು ತಳ್ಳಿಹಾಕಿದರು.

ಬಬಲೇಶ್ವರದ ರೈತನೊಬ್ಬ ಸಂತೆಗೊಮ್ಮೆ ಕಾಳು ಹಾಕಲು ಅಂಗಡಿಗೆ ಬರುತ್ತಿದ್ದ. ಅವನ ಕೈಲಿ ಕಾಕುನ ಅಕ್ಕ ಪ್ರತಿ ಸಲವೂ ಒಂದು ಮಾತು ಹೇಳಿ ಕಳಿಸುತ್ತಿದ್ದರು. ಒಮ್ಮೆ, "ಮೋಟಾರು ಬಬಲೇಶ್ವರದ ದಾರಿ ಮರೆತೈತೇನು ಕೇಳು." ಇನ್ನೊಮ್ಮೆ, "ಮೋಟಾರಿಗೆ ಏನಾರ ಆದ್ರ ಕಂಪನಿ ಕೊಡತೈತಿ. ನನಗ ಏನಾರ ಆದ್ರ ನಿಮ್ಮ ಕಾಕಾ ಏನ ಕೊಡತಾನ ಕೇಳು." ಕಾಕಾ ತಕ್ಕಡಿ ಹಿಡಿದುಕೊಂಡೇ ಹೊಟ್ಟೆ ಕುಣಿಸಿ ನಗುತ್ತಿದ್ದರು. "ಮುಂದಿನ ಸೀಟಿನ್ಯಾಗ ಕುಂಡರಿಸಿ ಊರೆಲ್ಲಾ ಸುತ್ತಸ್ತೇನಂತ ಹೇಳು" ಎನ್ನುತ್ತಿದ್ದರು.

ಸೊಲ್ಲಾಪುರದವರ ಉತ್ತರ ಬಂತು. ಅವರ ದರ ನಮ್ಮದಕ್ಕಿಂತ ಜಾಸ್ತಿಯೇ ಇತ್ತು. ಕಾಕಾ ತಲೆ ಕೆರೆದುಕೊಂಡು ನಮ್ಮ ಕಂಪನಿಯಲ್ಲೇ, ಮೊದಲು ಹೇಳಿದ ದರಕ್ಕೇ ಪಾಲಿಸಿ ತೆಗೆದುಕೊಂಡರು.

ಅದೇ ವಾರ ಒಂದು ಮುಂಜಾನೆ ಪಾಲಿಸಿ ಕೊಡಲು ಅಂಗಡಿಗೆ ಹೋಗಿದ್ದೆ. ಬಬಲೇಶ್ವರದ ಆ ರೈತ ಬಂದ. ಸಂತೆಯ ದಿನವಲ್ಲ, ಕೈಯಲ್ಲಿ ಚೀಲವೂ ಇರಲಿಲ್ಲ. ಕಾಕಾ ಅದನ್ನು ಗಮನಿಸಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ನಗಲು ಶುರು ಮಾಡಿ, "ಈ ಸಲ ಏನಂದಾಳೋ ನಮ್ಮ ಮೋಟಾರಿಗೆ?" ಎಂದರು.

"ಈ ಸಲ ಏನೂ ಅನ್ನಲಿಲ್ರಿ ಕಾಕಾರ," ಎಂದ ಅವನು ತಲೆಯ ಪಟಗ ತೆಗೆದು. "ಬೆಳಗಾಗ ಎಬ್ಬಸಾಕ ಹೋದ್ರ ಏಳಲಿಲ್ಲ."

ಕುರಿಗಳ ನೆರಳು

ಆ ದಿನ ಕಾಕಾ ಬಬಲೇಶ್ವರಕ್ಕೆ ಮೋಟಾರು ಹೊಡೆದದ್ದನ್ನು ನೋಡಿದ್ದರೆ ಮ್ಯಾನೇಜರು ಪಾಲಿಸಿ ಅಲ್ಲೇ ಹರಿದು ಹಾಕುತ್ತಿದ್ದರು. ಕಾಕು ಮುಂದೆ, ನಾನು ಮತ್ತು ಆ ರೈತ ಹಿಂದೆ ಕುಳಿತಿದ್ದೆವು. ಮಣ್ಣಿಗೆ ಇಡುವುದರೊಳಗೆ ಮುಟ್ಟಿದೆವು, ಅಷ್ಟೇ.

ಕಾಕು ಅಕ್ಕನ ದಿನದ ಕಾರ್ಯ ಮುಗಿಯುವವರೆಗೆ ಅಲ್ಲೇ ಉಳಿದರು. ಅವರನ್ನು ಕರೆತರಲು ಹೊರಟಾಗ ಕಾಕಾ ನನ್ನನ್ನೂ ಜೊತೆಗೆ ಕರೆದರು. ಕಾರಣ, "ಏನಾರ ಆದ್ರ ಅಲ್ಲೇ ನಿಂತು ಬರಕೋತೀ." ತಿರುಗಿ ಬರುವಾಗ ನಡು ಮಧ್ಯಾಹ್ನ. ಕಾಕು ಮುಂದೆ ಕುಳಿತಿದ್ದರು, ನಾನು ಹಿಂದೆ. ಬಬಲೇಶ್ವರ ದಾಟಿ ಸ್ವಲ್ಪ ದೂರದಲ್ಲಿ ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಕಾಕಾ ತಮ್ಮ ಪದ್ಧತಿಯಂತೆ ಪೂರಾ ನಿಲ್ಲಿಸಿ ಎಂಜಿನ್ನನ್ನೂ ಆರಿಸಿಬಿಟ್ಟರು.

ಸುತ್ತ ಎಲ್ಲೂ ಗಿಡದ ನೆರಳಿಲ್ಲ. ಕುರಿಗಳು ಮೋಟಾರು ನೋಡಿದವು, ಅದರ ನೆರಳು ನೋಡಿದವು. ಒಂದರ ಹಿಂದೆ ಒಂದು ಬಂದು ಕೆಳಗೆಲ್ಲ ತೂರಿಕೊಂಡು ಮಲಗಿದವು. ಕಾಕಾ ಹಾರನ್ ಹೊಡೆದರು. ಒಂದೆರಡು ಕುರಿ ಉತ್ತರ ಕೊಟ್ಟವು, ಏಳಲಿಲ್ಲ. ಮುದುಕ ಕುರುಬ ತಾನೂ ಬಂದು ಹಿಂದಿನ ಗಾಲಿಗೆ ಬೆನ್ನು ಕೊಟ್ಟು ಕುಳಿತ.

ಕಾಕಾ ಇಳಿದು ಕೈಮುಗಿದರು. "ಯಪ್ಪಾ, ಎಬ್ಬಸಪಾ ಇವನ್ನ."

"ಈಗ ಏಳೂದಿಲ್ಲ ಬಿಡ್ರಿ ಅವು. ಬಿಸಲ ಇಳೀಲಿ."

ಕಾಕಾರಿಗೆ ಅಂಜಿಕೆ ಹತ್ತಿತು. ನನ್ನ ಕಡೆ ತಿರುಗಿ, "ಇದರಾಗ ಒಂದಕ್ಕ ಗಾಲಿ ಹಾಯಿತಂದ್ರ ಹೆಂಗೋ?" ಎಂದರು.

"ಅಂಜಬ್ಯಾಡ್ರಿ. ಕುರಿ ಮಾಲಕಗ ಕಂಪನಿ ರೊಕ್ಕಾ ಕೊಡತೈತಿ," ಎಂದೆ.

ಕಣ್ಣು ಮುಚ್ಚಿ ಕುಳಿತಿದ್ದ ಕುರುಬ ಪಟ್ಟನೆ ಕಣ್ಣು ತೆರೆದ. "ಕಂಪನಿ ಕೊಡತೈತಿ? ಹೌದೇನ್ರಿ?"

"ಹೌದಪಾ."

ಎದ್ದವನೇ ಹಿಂಡಿನಲ್ಲೆಲ್ಲ ಹುಡುಕಿ, ಉಣ್ಣೆ ಉದುರಿದ, ಹಲ್ಲು ಬಿದ್ದ, ಕಾಲು ಎಳೆಯುತ್ತಿದ್ದ ಒಂದು ಮುದಿ ಕುರಿಯನ್ನು ಎತ್ತಿಕೊಂಡು ಬಂದ. ಮುಂದಿನ ಗಾಲಿಯ ಎದುರಿಗೆ ಅದನ್ನು ಒಪ್ಪವಾಗಿ ಮಲಗಿಸಿದ. "ಹಂಗಾರ ಮೊದ್ಲ ಈಕೀನ್ನ ಒಂದ ಮುಗಿಸಿಬಿಡ್ರಿ ಯಪ್ಪಾ. ಉಳದವನ್ನ ನಾ ಈಗಿಂದೀಗ ಎಬ್ಬಸ್ತೀನಿ."

"ಏ ಎತ್ತಲೇ! ಎತ್ತ ಅದನ್ನ!" ಎಂದು ಕಾಕಾ ಕುರಿಯ ಹಿಂಗಾಲು ಹಿಡಿದು ಹೊರಗೆ ಎಳೆದರು. ಕುರುಬ ಮುಂಗಾಲು ಹಿಡಿದು ಒಳಗೆ ಎಳೆದ. ಕುರಿ ಇಬ್ಬರನ್ನೂ ಒದ್ದು ಮತ್ತೆ ನೆರಳಿಗೆ ಹೋಗಿ ಮಲಗಿತು. ಕಾಕಾರ ಧೋತರದ ಕಚ್ಚೆ ಬಿಚ್ಚಿಹೋಗಿತ್ತು.

ಒಳಗಿನಿಂದ ಏನೋ ಸಪ್ಪಳ ಕೇಳಿತು. ಕಾಕು ಅಳುತ್ತಿದ್ದಾರೆ ಎಂದುಕೊಂಡು ಬಗ್ಗಿ ನೋಡಿದೆ. ಅವರು ನಗುತ್ತಿದ್ದರು. ಅಕ್ಕ ಹೋದ ಮೇಲೆ ಅವರು ನಕ್ಕದ್ದೇ ಅವತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡಷ್ಟೂ ನಗು ಉಕ್ಕಿ ಬರುತ್ತಿತ್ತು.

"ಅಯ್ಯ ಯವ್ವಾ," ಎಂದರು ಉಸಿರು ಹಿಡಿದು. "ಅಕ್ಕ ಇದನ್ನ ನೋಡಬೇಕಾಗಿತ್ತ ನೋಡ್ರಿ. ನಕ್ಕೋಂತ ನಕ್ಕೋಂತ ಸತ್ತ ಹೋಗತಿದ್ಲು."

ಆಡಿದ ಮಾತು ಆಡಿದ ಮೇಲೆ ಅವರಿಗೇ ಕೇಳಿಸಿತು. ಸೆರಗು ಬಾಯಿಗೆ ಹೋಯಿತು.

ಕಾಕಾ ಒಂದು ಕೈಯಲ್ಲಿ ಧೋತರ, ಇನ್ನೊಂದು ಕೈಯಲ್ಲಿ ಮೋಟಾರಿನ ಬಾಗಿಲು ಹಿಡಿದು ಬಿಸಿಲಲ್ಲಿ ನಿಂತಿದ್ದರು.

"ನಾ ಆಗ ನಿನ್ನ ಕರಕೊಂಡ ಬಂದಿದ್ರ," ಎಂದರು, "ಹಂಗ ಸಾಯತಿದ್ಲು ನೋಡು. ನಕ್ಕೋಂತ."