ಕಡಲೆಬೀಜದ ಪೊಟ್ಟಣದಲ್ಲಿ ಕೊನೆಯ ಅಧ್ಯಾಯ

ಭಾನುವಾರ ಮಧ್ಯಾಹ್ನ ಅನ್ನ, ಕಪ್ಪು ಬೀನ್ಸು ಗಡದ್ದಾಗಿ ಹೊಡೆದು ಎವೆಲಿಯೊ ಮೇಜು ಕುಟ್ಟಿ ಘೋಷಿಸಿದ. "ಈ ವಾರ ಈ ಮನೇಲಿ ನನ್ನನ್ನ ಯಾರೂ ಯಾವ ಕೆಲಸಕ್ಕೂ ಕರೀಬಾರದು. ಐದು ದಿನ, ಐದು ಅಧ್ಯಾಯ. ಶುಕ್ರವಾರ ಕೊಲೆಗಾರ ಸಿಕ್ಕಿಬೀಳ್ತಾನೆ. ಶನಿವಾರ ನಾನು ಗೆಲ್ತೀನಿ."

"ಬಚ್ಚಲ ನಲ್ಲಿ ಸೋರೋದು ಯಾವ ವಾರ ನಿಲ್ಲುತ್ತೆ?" ಎಂದಳು ಹೆಂಡತಿ ಮಿರ್ತಾ.

"ಕಲೆಯ ಬಗ್ಗೆ ಮಾತಾಡೋವಾಗ ನಲ್ಲಿ ತರಬೇಡ."

ಪಿನಾರ್ ದೆಲ್ ರಿಯೊ ಊರಿನ ಸಿಗಾರ್ ಕಾರ್ಖಾನೆಯಲ್ಲಿ ಎವೆಲಿಯೊ ಓದುವವ. ಎಂಬತ್ತೇಳು ಜನ ಸಾಲಾಗಿ ಕೂತು ತಂಬಾಕಿನ ಎಲೆ ಸುತ್ತುತ್ತಿದ್ದರೆ ಇವನೊಬ್ಬ ಎತ್ತರದ ಪೀಠದಲ್ಲಿ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಗಟ್ಟಿಯಾಗಿ ಓದುತ್ತಾನೆ. ಕೇಳುವವರಿಗೆ ಹಿಡಿಸಿದರೆ ಎಲೆ ಕತ್ತರಿಸುವ ಚೂರಿಯಿಂದ ಹಲಗೆಯನ್ನು ಟಕಟಕ ಕುಟ್ಟುತ್ತಾರೆ. ಹಿಡಿಸದಿದ್ದರೆ ಚೂರಿಯನ್ನು ನೆಲಕ್ಕೆ ಎಸೆಯುತ್ತಾರೆ. ವರ್ಷಕ್ಕೊಮ್ಮೆ ವೋಟು ಹಾಕಿ ಓದುವವನನ್ನು ಉಳಿಸಿಕೊಳ್ಳುತ್ತಾರೆ, ಇಲ್ಲವೇ ಇಳಿಸುತ್ತಾರೆ. ಹನ್ನೊಂದು ವರ್ಷದಿಂದ ಗೆಲ್ಲುತ್ತ ಬಂದ ಎವೆಲಿಯೊಗೆ ಸೋಲಿನ ಯೋಚನೆಯೇ ಇರಲಿಲ್ಲ. ಆದರೆ ಪೀಠ ಹೋದರೆ ಗೋದಾಮಿನಲ್ಲಿ ಎಲೆಮೂಟೆ ಹೊರುವುದೇ ಗತಿ ಎಂಬುದು ಅವನ ಸೊಂಟಕ್ಕೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಅತ್ತೆ, ಮಿರ್ತಾಳ ತಾಯಿ ಎದೆಲ್ಮಿರಾ ಇದ್ದಳು. ಅದೇ ಕಾರ್ಖಾನೆಯಲ್ಲಿ ನಲವತ್ತು ವರ್ಷ ಸಿಗಾರ್ ಸುತ್ತಿ ನಿವೃತ್ತಳಾದವಳು. ಆದರೆ ಬೆರಳುಗಳು ನಿವೃತ್ತಿಗೆ ಒಪ್ಪಲಿಲ್ಲ! ಕೈಗೆ ಸಿಕ್ಕ ಕಾಗದವನ್ನೆಲ್ಲ ಪೊಟ್ಟಣ ಸುತ್ತಿ, ಹುರಿದ ಕಡಲೆಬೀಜ ತುಂಬಿ, ಕಾರ್ಖಾನೆಯ ಗೇಟಿನ ಮುಂದೆ ಮಾರುತ್ತಿದ್ದಳು. ಅಡುಗೆಮನೆಯ ಕಪಾಟಿನ ಮೇಲಿಟ್ಟ ಕಾಗದ ಅತ್ತೆಯದು ಎಂಬ ಕಾನೂನು ಮಾಡಿದವನೂ ಎವೆಲಿಯೊನೇ. ಓದಿ ಮುಗಿಸಿದ ಪತ್ರಿಕೆಗಳನ್ನು ದಾನಶೂರನ ಗತ್ತಿನಲ್ಲಿ ಅಲ್ಲಿಡುತ್ತಿದ್ದ.

ಈ ಸಲದ ಕಾದಂಬರಿಯಲ್ಲಿ ತಂಬಾಕು ತೋಟದ ಯಜಮಾನ ದೊನ್ ರೊಸೆಂದೊನ ಕಾಫಿಗೆ ಯಾರೋ ವಿಷ ಹಾಕಿದ್ದರು. ಯಾರೆಂಬುದು ಎವೆಲಿಯೊಗೂ ಗೊತ್ತಿರಲಿಲ್ಲ. ಕೇಳುಗರಿಗಿಂತ ಮುಂಚೆ ಮುಂದಿನ ಪುಟ ನೋಡುವುದು ಹಾದರಕ್ಕೆ ಸಮ ಎಂಬುದು ಅವನ ವ್ರತ. ಪುಸ್ತಕ ಹಳೆಯದು. ಬೆನ್ನು ಮುರಿದು ಸರಿಯಾಗಿ ಎರಡು ಹೋಳಾಗಿತ್ತು, ಒಂದು ಓದಿದ್ದು, ಇನ್ನೊಂದು ಓದಬೇಕಾದ್ದು.

ಸೋಮವಾರ, ಮಂಗಳವಾರ ಚೂರಿಗಳು ಭರ್ಜರಿಯಾಗಿ ಕುಟ್ಟಿದವು. ಮಂಗಳವಾರ ಸಂಜೆ ಅವನು ಎರಡೂ ಹೋಳು ಹಿಡಿದು ಅಡುಗೆಮನೆಯಲ್ಲಿ ಮೆರೆಯುತ್ತಿದ್ದಾಗ ಬಚ್ಚಲ ನಲ್ಲಿ ಕಿತ್ತುಕೊಂಡು ಹಾರಿತು. "ಎವೆಲಿಯೊ, ಬಂದು ಹಿಡಿ!" ಎಂದು ಮಿರ್ತಾ ಕೂಗಿದಳು. ಹೋಳೊಂದನ್ನು ಚೀಲಕ್ಕೆ ತುರುಕಿ, ಇನ್ನೊಂದನ್ನು ಕಪಾಟಿನ ಮೇಲೆ ಎಸೆದು, ವ್ರತಧಾರಿ ಓಡಿದ. ಎರಡು ಗಂಟೆ ಹೆಬ್ಬೆರಳಿನಿಂದ ನೀರು ತಡೆದ.

ಬುಧವಾರ ಮಧ್ಯಾಹ್ನ ಪೀಠ ಹತ್ತಿ, ಗಂಟಲು ಸರಿಮಾಡಿಕೊಂಡು, ಚೀಲ ಬಿಚ್ಚಿದ. ಒಳಗಿದ್ದದ್ದು ಓದಿದ ಹೋಳು. ಎದುರಿಗೆ ಎಂಬತ್ತೇಳು ಜೊತೆ ಕಣ್ಣು. ಅದರಲ್ಲಿ ಮೂರನೇ ಸಾಲಿನಲ್ಲಿ ಎಲೆ ಸುತ್ತುತ್ತಿದ್ದ ಮಿರ್ತಾಳ ಜೊತೆಯೂ ಒಂದು.

ಮರ್ಯಾದಸ್ಥನಾಗಿದ್ದರೆ ತಪ್ಪು ಒಪ್ಪಿಕೊಳ್ಳುತ್ತಿದ್ದ. ಎವೆಲಿಯೊ ಹಳೇ ಪುಟ ನೋಡುತ್ತಾ ಹೊಸ ಕಥೆ ಕಟ್ಟಿದ. ಕೊಲೆಗಾರರು ಬೇಕಲ್ಲ, ಹತ್ತಿರದಲ್ಲೇ ಒಬ್ಬರು ಹೊಳೆದರು. ದೊನ್ ರೊಸೆಂದೊಗೆ ಒಬ್ಬಳು ಅತ್ತೆ. ಎಲ್ಲದಕ್ಕೂ ಮೂಗು ತೂರಿಸುವವಳು, ಅಳಿಯನ ವಿದ್ವತ್ತಿಗೆ ಕವಡೆಯ ಬೆಲೆ ಕೊಡದವಳು.

"ಮೇಷ್ಟ್ರೇ, ಆ ಅತ್ತೆ ಮೂರನೇ ಅಧ್ಯಾಯದಲ್ಲೇ ಸತ್ತಿದ್ದಾಳೆ. ನಾವೆಲ್ಲ ಎದ್ದು ನಿಂತು ಮೌನ ಆಚರಿಸಿದ್ವಲ್ಲ" ಎಂದ ಮುಂದಿನ ಸಾಲಿನ ಹಿರಿಯ ಬೆನಿಗ್ನೊ.

"ಸತ್ತ ಹಾಗೆ ನಟಿಸಿದ್ದಳು" ಎಂದ ಎವೆಲಿಯೊ, ಬೆವರು ಒರೆಸಿಕೊಳ್ಳುತ್ತಾ.

ಸಂಜೆ ಮನೆಗೆ ಓಡಿ ನೋಡಿದರೆ ಕಪಾಟು ಖಾಲಿ.

"ಅತ್ತೆ, ಇಲ್ಲಿದ್ದ ಪುಸ್ತಕ?"

"ಒಳ್ಳೇ ಗಟ್ಟಿ ಕಾಗದ ಮಗಾ. ಒಂದು ಬೀಜಾನೂ ಉದುರಲಿಲ್ಲ. ಎಲ್ಲಾ ಖರ್ಚಾಯ್ತು."

"ಅವು ಕೊನೆಯ ಅಧ್ಯಾಯಗಳು!"

"ಕಪಾಟಿನ ಮೇಲಿತ್ತು" ಎಂದಳು ಎದೆಲ್ಮಿರಾ. ಕಾನೂನು ಅವಳ ಕಡೆಗಿತ್ತು.

ಗುರುವಾರ ಪೀಠದಲ್ಲಿ ಹೇಗೋ ಒಂದು ತಾಸು ಸುಳ್ಳು ಸುತ್ತಿ ಮುಗಿಸಿ, ನಮ್ಮ ಕಥಾನಾಯಕ ಊರೆಲ್ಲ ಅಲೆದು ಕಡಲೆಬೀಜದ ಪೊಟ್ಟಣಗಳ ಬೇಟೆಗೆ ಇಳಿದ. ಬಸ್ ನಿಲ್ದಾಣದಲ್ಲಿ ಅಪರಿಚಿತರ ಕೈಯಿಂದ ಪೊಟ್ಟಣ ಬೇಡಿದ. ಕ್ಷೌರದಂಗಡಿಯಲ್ಲಿ ಅರ್ಧ ಬೋಳಿಸಿದ ಗಡ್ಡದವನ ಜೊತೆ ಕಿತ್ತಾಡಿದ. ಕೊನೆಗೆ ಕೈಗೆ ಬಂದದ್ದು ಒಂಬತ್ತು ಹಾಳೆ. ಅದರಲ್ಲಿ ಒಂದು ಮುದ್ರಣದೋಷಗಳ ಪಟ್ಟಿ, ಎರಡು ಅದೇ ಪ್ರಕಾಶಕರ ಅಡುಗೆ ಪುಸ್ತಕಗಳ ಜಾಹೀರಾತು.

"ಸುಮ್ಮನೆ ನಿಜ ಹೇಳಿಬಿಡು" ಎಂದಳು ಮಿರ್ತಾ ರಾತ್ರಿ ಊಟಕ್ಕೆ ಕಡಲೆಬೀಜ ಬಡಿಸುತ್ತಾ. ಮನೆಯಲ್ಲಿ ಬೇರೇನೂ ಇರಲಿಲ್ಲ.

"ನಿಜ ಹೇಳಿದ್ರೆ ಶನಿವಾರ ಮೂಟೆ ಹೊರಬೇಕು."

"ಸುಳ್ಳು ಹೇಳೋವಾಗ ಪುಟಾನಾದ್ರೂ ತಿರುಗಿಸು. ನಿನ್ನೆಯಿಂದ ಒಂದೇ ಪುಟ ಓದ್ತಿದ್ದೀಯ."

ಶುಕ್ರವಾರ ಪುಟ ಧಾರಾಳವಾಗಿ ತಿರುಗಿಸಿದ. ಕೊಲೆಗಾತಿ ಅತ್ತೆಯನ್ನು ಕಾದಂಬರಿಯ ವೈದ್ಯರು ನಲ್ಲಿ ರಿಪೇರಿಯ ನೆಪದಲ್ಲಿ ಬಚ್ಚಲಲ್ಲಿ ಹಿಡಿಯುವ ಘಟ್ಟಕ್ಕೆ ಬಂದಾಗ ಬೆನಿಗ್ನೊ ಕೈ ಎತ್ತಿದ. ಅವನ ಕೈಯಲ್ಲಿ ಎಣ್ಣೆ ಹತ್ತಿದ ಒಂದು ಹಾಳೆ.

"ಮೇಷ್ಟ್ರೇ, ಗೇಟಲ್ಲಿ ಕೊಂಡ ಪೊಟ್ಟಣ ಇದು. ಇದರಲ್ಲಿ ವೈದ್ಯರು ಹಡಗು ಹತ್ತಿ ಹೋಗಿದ್ದಾರೆ. ನಿಮ್ಮದರಲ್ಲಿ ನಲ್ಲಿ ರಿಪೇರಿ ಮಾಡ್ತಿದ್ದಾರೆ."

"ನನ್ನ ಪೊಟ್ಟಣದಲ್ಲಿ ಆ ಅತ್ತೆಯ ಗೋರಿಗೆ ಹೂವು ಇಡ್ತಾರೆ" ಎಂದಿತು ಹಿಂದಿನ ಸಾಲು.

ಒಂದು ಚೂರಿ ನೆಲಕ್ಕೆ ಬಿತ್ತು. ಆಮೇಲೆ ಹತ್ತು. ಆಮೇಲೆ ಎಣಿಸಲಾಗಲಿಲ್ಲ. ಎವೆಲಿಯೊಗೆ ನಾಚಿಕೆಯಿಂದ ಕಿವಿ ಸುಟ್ಟವು. ಹನ್ನೊಂದು ವರ್ಷದಲ್ಲಿ ಆ ಸದ್ದನ್ನು ಅವನು ಮೊದಲ ಸಲ ಕೇಳುತ್ತಿದ್ದ. ಅವನು ತಲೆ ತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

"ಹಾಗಾದರೆ ಕೊಂದಿದ್ದು ಯಾರು?" ಎಂದ ಬೆನಿಗ್ನೊ, ಅಳುವ ದನಿಯಲ್ಲಿ. ಮೂರು ತಿಂಗಳು ಕಾದಿದ್ದವನು ಪಾಪ.

"ಕಾಗದ ಸುತ್ತಿದವಳು ಗೇಟಲ್ಲೇ ಇದ್ದಾಳೆ, ಕೇಳಿ" ಎಂದಳು ಮಿರ್ತಾ. ಕೈ ಹಿಡಿದ ಹೆಂಡತಿ!

ಎದೆಲ್ಮಿರಾ ಕಡಲೆಬೀಜದ ಡಬ್ಬಿ ಸಮೇತ ಬಂದಳು. ಪೀಠ ಹತ್ತಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಎಲ್ಲರನ್ನೂ ಒಂದು ಸುತ್ತು ನೋಡಿ ಶುರುಮಾಡಿದಳು. "ಕಾಫಿಗೆ ವಿಷ ಹಾಕಿದ್ದು ತೋಟದ ಮೇಲ್ವಿಚಾರಕ."

ಬಾಗಿಲಲ್ಲಿ ನಿಂತಿದ್ದ ಕಾರ್ಖಾನೆಯ ಮೇಲ್ವಿಚಾರಕರು ಕೆಮ್ಮಿದರು. ಎದೆಲ್ಮಿರಾ ಮುಂದುವರಿಸಿದಳು. ಆ ನೀಚ ಒಳ್ಳೇ ಎಲೆಯನ್ನು ಕೆಟ್ಟದ್ದೆಂದು ಬರೆಸುತ್ತಿದ್ದನಂತೆ, ಬಸುರಿಯರನ್ನು ನಿಲ್ಲಿಸಿ ಕೆಲಸ ಮಾಡಿಸುತ್ತಿದ್ದನಂತೆ. ಕೊನೆಗೆ ಕೆಲಸದ ಹೆಂಗಸರೇ ಅವನನ್ನು ಎಲೆ ಒಣಗಿಸುವ ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದರಂತೆ.

"ಎದೆಲ್ಮಿರಕ್ಕ, ನನ್ನ ಪೊಟ್ಟಣದಲ್ಲಿ ಮೇಲ್ವಿಚಾರಕ ಹೊಳೇಲಿ ಮುಳುಗಿ ಸತ್ತು ವರ್ಷ ಆಗಿದೆ" ಎಂದ ಬೆನಿಗ್ನೊ.

"ಪೊಟ್ಟಣ ತಪ್ಪು. ಬಾಯಿ ಮುಚ್ಕೊಂಡು ಕೇಳು" ಎಂದರು ಎಂಬತ್ತಾರು ಜನ. ಬೆನಿಗ್ನೊ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಕೇಳಿದ. ಕಥೆ ಮುಗಿದಾಗ ಹಲಗೆಗಳು ಸೀಳುವಷ್ಟು ಚೂರಿ ಕುಟ್ಟಿದರು. ಮೇಲ್ವಿಚಾರಕರು ಅಲ್ಲಿರಲಿಲ್ಲ.

ಶನಿವಾರ ವೋಟು ಎಣಿಸಿದರು. ಎಂಬತ್ತಮೂರು ಮತ ಎದೆಲ್ಮಿರಾಗೆ, ನಾಲ್ಕು ಎವೆಲಿಯೊಗೆ. ಆ ನಾಲ್ಕರಲ್ಲಿ ಮಿರ್ತಾಳದ್ದು ಇರಲಿಲ್ಲ. ಕನಿಕರಪಟ್ಟು ಬೆಳಗಿನ ಪತ್ರಿಕೆಯನ್ನು ಅವನಿಗೇ ಬಿಟ್ಟರು. ಮಧ್ಯಾಹ್ನ ಗೋದಾಮು.

ಮನೆಗೆ ಬಂದ ಎವೆಲಿಯೊಗೆ ಸೋಲಿಗಿಂತ ಇನ್ನೊಂದು ಸಂಗತಿ ಕೊರೆಯುತ್ತಿತ್ತು. ನಾಚಿಕೆ ಬಿಟ್ಟು ಅತ್ತೆಯ ಪಕ್ಕ ಕೂತ.

"ಅತ್ತೆ, ನನಗಾದರೂ ನಿಜ ಹೇಳಿ. ಪುಸ್ತಕದಲ್ಲಿ ಕೊಂದಿದ್ದು ಯಾರು?"

"ನನಗೇನು ಗೊತ್ತು ಮಗಾ. ನಾನು ಒಂದು ಸಾಲೂ ಓದಿಲ್ಲ. ಕನ್ನಡಕ ಒಡೆದು ಆರು ತಿಂಗಳಾಯ್ತು."

"ಮತ್ತೆ ಆ ಮೇಲ್ವಿಚಾರಕ?"

"ಅಷ್ಟು ಜನರ ಮುಖ ನೋಡಿದೆ. ಯಾರ ಮೇಲೆ ಸಿಟ್ಟಿತ್ತೋ ಅವನ ಕೈಲಿ ಕೊಲ್ಲಿಸಿದೆ. ನೀನು ನನ್ನ ಕೈಲಿ ಕೊಲ್ಲಿಸೋಕೆ ಹೋದೆ. ಅದಕ್ಕೆ ಮೊದಲು ಆ ಕಾರ್ಖಾನೇಲಿ ನನಗೆ ಎಷ್ಟು ವೋಟಿದೆ ಅಂತ ವಿಚಾರಿಸ್ಕೋಬೇಕಿತ್ತು."