ಕಂಬಳದ ಕರೆಗಿಳಿದ ನನ್ನ ವಿಮಾನ

ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರೊಬ್ಬರು, "ದೊಡ್ಡವಳಾದ ಮೇಲೆ ಏನಾಗುತ್ತೀ?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ನಾನು ಎದ್ದು ನಿಂತು, "ಪೈಲಟ್, ಸಿಸ್ಟರ್!" ಎಂದಿದ್ದೆ. ಇಡೀ ಕ್ಲಾಸು ನಕ್ಕಿತು. ಸಿಸ್ಟರೂ ನಕ್ಕರು. ಎಪ್ಪತ್ತು ದಾಟಿದರೂ ಆ ನಗು ಕಿವಿಯಿಂದ ಇಳಿದಿರಲಿಲ್ಲ.

ಪೈಲಟ್ ಆದದ್ದು ನನ್ನ ಅಕ್ಕನ ಮಗಳು ಶ್ರುತಿ. ಕಳೆದ ಎಪ್ರಿಲಿನಲ್ಲಿ ಅವಳು ಫೋನು ಮಾಡಿ, "ಚಿಕ್ಕಮ್ಮ, ಘಟ್ಟದ ಮೇಲೆ ಬನ್ನಿ. ನನ್ನ ಫ್ರೆಂಡಿನ ಸಣ್ಣ ಪ್ಲೇನ್ ಉಂಟು. ಪುತ್ತೂರಿಗೆ ಒಂದು ರೌಂಡ್ ಹೊಡೆದು ಬರುವ" ಎಂದಳು. ನಾನು ಆ ಕ್ಷಣವೇ ಯೆಸ್ ಎಂದೆ.

ಸುದ್ದಿಯನ್ನು ಪುತ್ತೂರಿನ ನಮ್ಮ ಪೇಟೆಭಾಗ, ಇಡೀ ದರ್ಬೆಗೆ ಸಾರಿದೆ. ಪಕ್ಕದ ಮನೆಯ ವಿಮಲ ಮತ್ತು ಗೆಳತಿಯರೆಲ್ಲ ನಮ್ಮ ಟೆರೇಸಿನಲ್ಲಿ ನಿಂತು ಬೆಡ್‌ಶೀಟು ಬೀಸತಕ್ಕದ್ದು, ನಾನು ಮೇಲಿನಿಂದ ಕರ್ಚೀಫು ಬೀಸತಕ್ಕದ್ದು ಎಂದು ತೀರ್ಮಾನವಾಯಿತು. ಗ್ರೇಸ್‌ಫುಲ್ಲಾಗಿ!

ನನ್ನ ಯಜಮಾನರು ಮಾತ್ರ, "ಸುಳ್ಯದ ಬಸ್ಸಿನಲ್ಲಿ ನಿಂಬೆಹುಳಿ ಮೂಸದೆ ಕೂರುದಿಲ್ಲ ನೀನು. ವಿಮಾನ ಎಂತಕೆ ಮಾರಾಯ್ತಿ?" ಎಂದರು.

"ಆಕಾಶದಲ್ಲಿ ತಿರುವು ಇಲ್ಲ!" ಎಂದೆ.

ಇಬ್ಬರೇ ಕೂರುವ ವಿಮಾನ. ನೀಲಿ ರೇಷ್ಮೆ ಸೀರೆ ಉಟ್ಟು ಹತ್ತಿದೆ. ಘಟ್ಟ ಇಳಿದೆವು. ಕೆಳಗೆ ಪಯಸ್ವಿನಿ ಹೊಳೆ ರಿಬ್ಬನ್ನಿನ ಹಾಗೆ ಬಿದ್ದುಕೊಂಡಿತ್ತು. ಕಣ್ಣು ಒದ್ದೆಯಾಯಿತು. ಸಿಸ್ಟರ್ ಈಗ ನೋಡಬೇಕಿತ್ತು ಎಂದುಕೊಂಡು ಕರ್ಚೀಫು ಬೀಸುವ ರಿಹರ್ಸಲ್ ಶುರು ಮಾಡಿದೆ.

ದರ್ಬೆ ಇನ್ನೇನು ಬರಬೇಕು, ಎಂಜಿನ್ ಮುದುಕರ ಹಾಗೆ ಕೆಮ್ಮತೊಡಗಿತು.

"ಚಿಕ್ಕಮ್ಮ, ಈಗಲೇ ಇಳಿಸ್ಬೇಕು. ಎಲ್ಲಿ ನೋಡಿದ್ರೂ ಗುಡ್ಡೆ! ಉದ್ದಕ್ಕೆ ಖಾಲಿ ಜಾಗ ಎಲ್ಲಾದ್ರೂ ಉಂಟಾ?"

ಉಂಟು! ಕೆದಂಬಾಡಿಯಲ್ಲಿ ನನ್ನ ತವರುಮನೆಯ ಕಂಬಳದ ಕರೆ! ಕೋಣ ಓಡಿಸಲೆಂದು ನೆಟ್ಟಗೆ ಉದ್ದಕ್ಕೆ ಮಾಡಿದ ಗದ್ದೆ. ತಮ್ಮ ಸದಾಶಿವನೇ ಅದರ ಯಜಮಾನ.

"ಅದೋ, ರನ್‌ವೇ!" ಎಂದೆ.

"ಅಲ್ಲಿ ಕೆಸರು ಇರುದಿಲ್ವಾ?"

"ಕಂಬಳದ ಸೀಸನ್ ಮುಗ್ದಿದೆ. ನೆಲ ಅಂಗಳದ ಹಾಗೆ ಗಟ್ಟಿ ಇರ್ತದೆ. ನನಗೆ ಗೊತ್ತಿಲ್ವಾ?"

"ಹೊಳೀತಾ ಉಂಟಲ್ಲ?"

"ಬಿಸಿಲು ಮಗಾ, ಬಿಸಿಲು!"

ಬಿಸಿಲಲ್ಲ. ನೀರು.

ಸದಾಶಿವ ಹೊಸ ಜೋಡಿ ಕೋಣಗಳ ಪ್ರ್ಯಾಕ್ಟೀಸಿಗೆ ಕರೆಯನ್ನು ಉತ್ತು, ನೀರು ತುಂಬಿಸಿಟ್ಟಿದ್ದ! ಚಕ್ರ ತಾಗಿದ್ದೇ ತಡ, ಕೆಸರು ಎರಡೂ ಕಡೆ ಗೋಡೆಯ ಹಾಗೆ ಎದ್ದಿತು. ವಿಮಾನ ಜಾರಿತು, ಜಾರಿತು, ಕೊನೆಗೆ ಮೂಗು ಕೆಸರಿಗೆ ಊರಿ, ಬಾಲ ಆಕಾಶಕ್ಕೆ ಎತ್ತಿ ನಿಂತಿತು. ಶ್ರುತಿ ಬೆಲ್ಟಿನಲ್ಲಿ ನೇತಾಡುತ್ತಲೇ, "ಚಿಕ್ಕಮ್ಮ, ಜೀವ ಉಂಟಾ?" ಎಂದಳು. ಇತ್ತು. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. ಆದರೆ ಇಳಿಯಲು ಹೋದ ನಾನು, ಗ್ರೇಸ್‌ಫುಲ್ಲಾಗಿಯೇ, ಕೆಸರಿಗೆ ಮುಖ ಅಡಿಯಾಗಿ ಬಿದ್ದೆ.

ತಮ್ಮ ಓಡಿ ಬಂದ. ನನ್ನನ್ನು ಎಬ್ಬಿಸಿ, ಕಣ್ಣಿನ ಕೆಸರು ಒರಸಿ, ಗುರುತು ಹಿಡಿದ.

"ಅಕ್ಕ! ನೀನಾ? ಎಂತ ಮಾರಾಯ್ತಿ, ಉಲ್ಟಾ ಬಂದದ್ದು! ಕೋಣ ಓಡುದು ಆ ಕಡೆಯಿಂದ ಈ ಕಡೆಗೆ!"

"ನನಗೆ ಏನಾದ್ರೂ ಆಗಿದ್ಯಾ ಅಂತ ಕೇಳುದಿಲ್ವಾ?"

"ನಿನಗೆಂತ ಆಗ್ತದೆ? ಕೋಣ ಹೆದ್ರಿ ಗುಡ್ಡೆ ಹತ್ತಿದೆ!" ಎಂದವನು ಮೇಲೆ ನೋಡಿದ. ಕೋಣ ಓಡುವಾಗ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂದು ತಿಳಿಯಲು ಕಟ್ಟಿದ ಬಿಳಿ ಬಟ್ಟೆ, ನಿಶಾನಿ, ಪೂರ್ತಿ ಒದ್ದೆಯಾಗಿತ್ತು. "ಚಿಮ್ಮಿಸಿದ್ದು ಮಾತ್ರ ಭಾರೀ ಲಾಯ್ಕ ಅಕ್ಕ. ಸರಿ ಕಡೆಯಿಂದ ಬಂದಿದ್ರೆ ಪ್ರೈಜು ನಿನಗೇ!"

ಕೋಣ ತೊಳೆಯುವ ಪೈಪಿನಿಂದ ನನ್ನನ್ನು ತೊಳೆದರು. ವಿಮಾನದ ಕಾಯಿದೆ ಕಾನೂನು ನೋಡಿಕೊಳ್ಳಲು ಶ್ರುತಿ ಅಲ್ಲೇ ಉಳಿದಳು. ನಾನು ತಮ್ಮನ ಹೆಂಡತಿಯ ನೈಟಿ ಹಾಕಿಕೊಂಡು ಅವನ ಜೀಪಿನಲ್ಲಿ ದರ್ಬೆಗೆ ಬಂದೆ. ಮರ್ಯಾದೆ ಹೋಯಿತು ಎಂದುಕೊಂಡೇ ಗೇಟು ತೆರೆದರೆ, ಗೆಳತಿಯರು ಚಪ್ಪಾಳೆ ತಟ್ಟುತ್ತಿದ್ದಾರೆ!

"ಅಕ್ಕ, ನಿಮ್ಮನ್ನು ಕಣ್ಣಾರೆ ನೋಡಿದೆವು! ಎಷ್ಟು ಚಂದ ಕರ್ಚೀಫು ಬೀಸಿದ್ರಿ!" ಎಂದಳು ವಿಮಲ.

ಮಂಗಳೂರಿಗೆ ಹೋಗುವ ಯಾವುದೋ ದೊಡ್ಡ ವಿಮಾನಕ್ಕೆ ಇವರು ಬೆಡ್‌ಶೀಟು ಬೀಸಿದ್ದರು. ನಾನು ಬಾಯಿ ತೆರೆದೆ. ಯಜಮಾನರು ನನ್ನ ನೈಟಿ ನೋಡಿದರು. ನಾನು ಬಾಯಿ ಮುಚ್ಚಿದೆ.

ಅಷ್ಟರಲ್ಲಿ ವಿಮಲಳ ಮೊಬೈಲಿಗೆ ಒಂದು ವಿಡಿಯೋ ಬಂತು. ಬಾಲ ಎತ್ತಿ ನಿಂತ ವಿಮಾನ. ಅದರ ಬುಡದಲ್ಲಿ ತಲೆಯಿಂದ ಕಾಲಿನವರೆಗೆ ಕೆಸರಾದ ಒಂದು ಆಕೃತಿ.

"ಪಾಪ, ಯಾರೋ ಮುದುಕಿ. ಈ ಪ್ರಾಯದಲ್ಲಿ ಇವಳಿಗೆ ಇದು ಎಂತಕೆ ಬೇಕಿತ್ತು ಅಕ್ಕ?"

ಎಲ್ಲರೂ ನಕ್ಕರು. ಅದೇ ಹಳೆಯ ಕ್ಲಾಸಿನ ನಗು.

"ಹೌದು ವಿಮಲ, ಕೆಲವರಿಗೆ ಎಷ್ಟು ಪ್ರಾಯ ಆದ್ರೂ ಬುದ್ಧಿ ಬರುದಿಲ್ಲ" ಎಂದು ನಾನೂ ನಕ್ಕೆ. ಕಿವಿಯಿಂದ ಸ್ವಲ್ಪ ಕೆಸರು ಉದುರಿತು.